ರಾಜ್ಯೋತ್ಸವದ ಹಾಡೂ ಅವರದೇ, ಕುಣಿತದ ಹಾಡೂ ಅವರದೇ: ಜಿ.ಕೆ. ವೆಂಕಟೇಶ್



ಮತ್ತಿಗಿರಿಯಲ್ಲಿ ಕಳೆದ ಸಲ ರಾಜ್ಯೋತ್ಸವದ ಸಂಜೆ ನಡೆದದ್ದು ಅಲ್ಲಿದ್ದವರಿಗೆಲ್ಲ ನೆನಪಿರಬಹುದು. ಕಾರ್ಯಕ್ರಮ ಶುರುವಾದದ್ದು 'ಕನ್ನಡದ ಮಕ್ಕಳೆಲ್ಲ ಒಂದಾಗಿ ಬನ್ನಿ' ಹಾಡಿನಿಂದ. ಹಿರಿಯರು, ಹೆಂಗಸರು, ಬಾಗಲೂರು ಕಡೆಯಿಂದ ಬಂದಿದ್ದ ಮಕ್ಕಳು ಎಲ್ಲರೂ ದನಿಗೂಡಿಸಿದರು. ಸುಮಾರು ಒಂದು ಗಂಟೆಯಾದ ಮೇಲೆ ನಮ್ಮ ಹುಡುಗರು ನಾಲ್ಕು ಜನ ಕಪ್ಪು ಕನ್ನಡಕ ಹಾಕಿಕೊಂಡು ವೇದಿಕೆ ಹತ್ತಿದರು. 'ಆಪರೇಷನ್ ಡೈಮಂಡ್ ರಾಕೆಟ್' ಚಿತ್ರದ 'ಇಫ್ ಯು ಕಮ್ ಟುಡೇ' ಹಾಡು ಹಾಕಿಸಿ ಕುಣಿಯತೊಡಗಿದರು. ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಹಿರಿಯರೊಬ್ಬರು ಎದ್ದು ಮೈಕ್ ನಿಲ್ಲಿಸಿದರು. ಕನ್ನಡದ ಹಬ್ಬದ ದಿನ ಇಂಗ್ಲಿಷ್ ಹಾಡಿಗೆ ಡಿಸ್ಕೊ ಕುಣಿಯುವುದು ಅವರಿಗೆ ಸರಿಬರಲಿಲ್ಲ. ಹುಡುಗರು ಮುಖ ಸಣ್ಣದು ಮಾಡಿಕೊಂಡು ಇಳಿದುಹೋದರು. ಅವರಲ್ಲಿ ಇಬ್ಬರು ಆಮೇಲೆ ಸಂಘದ ಕಡೆಗೆ ತಲೆಯೇ ಹಾಕಿಲ್ಲ.

ಆ ಹೊತ್ತಿಗೆ ನಾನೂ ಸುಮ್ಮನಿದ್ದೆ. ಮನೆಗೆ ಬಂದು ಹಳೆಯ ಕ್ಯಾಸೆಟ್ಟುಗಳ ಡಬ್ಬ ತೆಗೆದು ಹೆಸರು ಓದುತ್ತ ಕುಳಿತಾಗ ಹೊಳೆಯಿತು. ನಾವೆಲ್ಲ ಸೇರಿ ಹಾಡಿದ ಮೊದಲ ಹಾಡಿಗೂ, ನಾವು ನಿಲ್ಲಿಸಿದ ಕುಣಿತದ ಹಾಡಿಗೂ ರಾಗ ಹಾಕಿದವರು ಒಬ್ಬರೇ. ಮೊದಲನೆಯದನ್ನು ಚಿತ್ರದಲ್ಲಿ ಹಾಡಿದವರೂ ಅವರೇ. ಅವರು ಜಿ.ಕೆ. ವೆಂಕಟೇಶ್. ಅವರು ತೀರಿಕೊಂಡು 30 ವರ್ಷ ದಾಟಿತು. ಅವರ ಬಗ್ಗೆ ನಮ್ಮ ಪುಟದಲ್ಲಿ ಇದುವರೆಗೆ ಒಂದು ಸಾಲೂ ಬಂದಿಲ್ಲವೆಂದು ಈ ಬರಹ.

ವೆಂಕಟೇಶ್ ಹುಟ್ಟಿದ್ದು 1927ರ ಸೆಪ್ಟೆಂಬರ್ 21ರಂದು, ಹೈದರಾಬಾದಿನಲ್ಲಿ. ಮನೆಮಾತು ತೆಲುಗು. ಚಿಕ್ಕಂದಿನಲ್ಲಿ ಕೈಗೆ ಬಂದ ವಾದ್ಯ ವೀಣೆ. ಬದುಕು ಕಟ್ಟಿಕೊಂಡದ್ದು ಮದರಾಸಿನಲ್ಲಿ. ಹೆಸರು ಬಂದದ್ದು ಕನ್ನಡದಲ್ಲಿ. ನಮ್ಮ ಕಡೆ ಒಂದು ಮನೆಯಲ್ಲಿ ಅಜ್ಜಿ ತೆಲುಗು, ಸೊಸೆ ಕನ್ನಡ, ಮೊಮ್ಮಕ್ಕಳು ಶಾಲೆಯಲ್ಲಿ ತಮಿಳು ಎಂದರೆ ಯಾರಿಗೂ ಆಶ್ಚರ್ಯವಿಲ್ಲ. ತಳಿ, ಡೆಂಕಣಿಕೋಟೆ, ಕೆಲಮಂಗಲದವರಿಗೆ ಈ ಮನುಷ್ಯನ ಜಾತಕ ಬಿಡಿಸಿ ಹೇಳಬೇಕಾಗಿಲ್ಲ.

ಆ ಕಾಲದಲ್ಲಿ ಕನ್ನಡ ಚಿತ್ರವೆಂದರೆ ಮದರಾಸಿನಲ್ಲೇ ಆಗಬೇಕು. ಜೆಮಿನಿ, ಎವಿಎಂ, ವಿಜಯಾ ವಾಹಿನಿ ಮುಂತಾದ ಸ್ಟುಡಿಯೋಗಳು ಅಲ್ಲಿದ್ದವು, ಧ್ವನಿಮುದ್ರಣದ ಕೋಣೆಗಳು ಅಲ್ಲಿದ್ದವು. ಮುಖ್ಯವಾಗಿ ವಾದ್ಯದವರು ಅಲ್ಲಿದ್ದರು. ಬೆಳಿಗ್ಗೆ ತಮಿಳು ಚಿತ್ರಕ್ಕೆ ಪಿಟೀಲು ನುಡಿಸಿದವರೇ ಮಧ್ಯಾಹ್ನ ಕನ್ನಡಕ್ಕೆ, ಸಂಜೆ ತೆಲುಗಿಗೆ ನುಡಿಸಬೇಕು. ಆ ಗುಂಪಿನಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರಿದ್ದರು. ಚರ್ಚಿನಲ್ಲಿ ಸ್ವರಲಿಪಿ ನೋಡಿ ನುಡಿಸಲು ಕಲಿತವರು, ಹೋಟೆಲಿನ ಬ್ಯಾಂಡುಗಳಲ್ಲಿ ಟ್ರಂಪೆಟ್, ಸ್ಯಾಕ್ಸೊಫೋನ್, ಡ್ರಮ್ ಬಾರಿಸಿ ಪಳಗಿದವರು ಅದೇ ಚಾಪೆಯ ಇನ್ನೊಂದು ತುದಿಯಲ್ಲಿ ಕೂರುತ್ತಿದ್ದರು. ವೆಂಕಟೇಶ್ ಇವರೆಲ್ಲರ ನಡುವೆ ಬೆಳೆದವರು. ಎಂ.ಎಸ್. ವಿಶ್ವನಾಥನ್ ಜೊತೆ ಅವರಿಗೆ ಹಳೆಯ ಗೆಳೆತನ. ವಿಶ್ವನಾಥನ್–ರಾಮಮೂರ್ತಿ ಜೋಡಿಯ ಹತ್ತಿರ ಸಹಾಯಕರಾಗಿಯೂ ದುಡಿದರು. ತಮಿಳು ಚಿತ್ರಕ್ಕೆ ಟ್ವಿಸ್ಟ್, ರಾಕ್ ಅಂಡ್ ರೋಲ್, ಲ್ಯಾಟಿನ್ ತಾಳಗಳನ್ನು ಧಾರಾಳವಾಗಿ ತಂದವರಲ್ಲಿ ಆ ಜೋಡಿ ಮುಂದು. ಟ್ವಿಸ್ಟ್ ಕುಣಿತ ಚಬ್ಬಿ ಚೆಕರ್ ಹಾಡಿನ ಮೂಲಕ 1960ರಲ್ಲಿ ಅಮೆರಿಕದಲ್ಲಿ ಹುಚ್ಚು ಹಿಡಿಸಿತು. ನಾಲ್ಕೇ ವರ್ಷದಲ್ಲಿ, 1964ರಲ್ಲಿ ಬಂದ 'ಕಾದಲಿಕ್ಕ ನೇರಮಿಲ್ಲೈ' ಚಿತ್ರದ ಹೊತ್ತಿಗೆ, ಅದು ಕೋಡಂಬಾಕದ ಮನೆಮಗುವಾಗಿತ್ತು.

ಕನ್ನಡಕ್ಕೆ ವೆಂಕಟೇಶ್ ಬಂದದ್ದು 1950ರ ದಶಕದ ನಡುವಿನಲ್ಲಿ. ಮೊದಲಿಗೆಲ್ಲ ಭಕ್ತಿಚಿತ್ರ, ಪುರಾಣದ ಚಿತ್ರ. 1956ರ 'ಓಹಿಲೇಶ್ವರ'ದಲ್ಲಿ ರಾಜ್‌ಕುಮಾರ್ ಅವರಿಂದ ಹಾಡಿಸಿದರು. 1959ರ 'ಮಹಿಷಾಸುರ ಮರ್ದಿನಿ'ಯಲ್ಲಿ ಎಸ್. ಜಾನಕಿಯವರ ಜೊತೆ ಒಂದು ಯುಗಳ ಗೀತೆ ಹಾಡಿಸಿದರು. ಗುಬ್ಬಿ ಕಂಪನಿಯ ರಂಗದ ಮೇಲೆ ಹಾಡಿ ಬಂದ ಆ ಕಂಠದಲ್ಲಿ ಏನಿದೆ ಎಂದು ಬೇರೆಯವರಿಗಿಂತ ಬಹಳ ಮುಂಚೆ ಇವರಿಗೆ ಗೊತ್ತಿತ್ತು. ಆದರೆ ಆಮೇಲೆ 15 ವರ್ಷ ರಾಜ್‌ಕುಮಾರ್ ಅವರಿಗೆ ಪಿ.ಬಿ. ಶ್ರೀನಿವಾಸ್ ಕಂಠವಾದರು, ಆ ಕಥೆ ಮುಂದೆ ಬರುತ್ತದೆ. 1960ರಲ್ಲಿ ಕಲಾವಿದರೇ ಹಣ ಹೂಡಿ ತೆಗೆದ 'ರಣಧೀರ ಕಂಠೀರವ'ಕ್ಕೂ ಇವರದೇ ಸಂಗೀತ. 1963ರಲ್ಲಿ 'ಕನ್ಯಾರತ್ನ' ಬಂತು. 'ಕನ್ನಡದ ಮಕ್ಕಳೆಲ್ಲ' ಇರುವುದು ಆ ಚಿತ್ರದಲ್ಲೇ. ಈಗ ಅದು ಯಾವ ಚಿತ್ರದ್ದು ಎಂದು ಕೇಳಿದರೆ ಬಹಳ ಜನ ಹೇಳಲಾರರು. ಅದು ಚಿತ್ರದಿಂದ ಕಳಚಿಕೊಂಡು ಶಾಲೆಯ ಬಯಲಿಗೆ, ಮೆರವಣಿಗೆಯ ಆಟೋಕ್ಕೆ ಬಂದು ಸೇರಿ ಎಷ್ಟೋ ಕಾಲವಾಯಿತು. ಮೈಕಿನ ಮುಂದೆ ನಿಂತು ಕನ್ನಡದ ಮಕ್ಕಳನ್ನೆಲ್ಲ ಕರೆದದ್ದು ತೆಲುಗು ಮನೆಮಾತಿನ, ಮದರಾಸಿನ ವಾಸದ ಒಬ್ಬ ಸಂಗೀತಗಾರ. ಗಡಿಯಲ್ಲಿರುವ ನಮಗೆ ಅದರ ಅರ್ಥ ಬೆಂಗಳೂರಿನವರಿಗಿಂತ ಒಂದು ಗುಲಗಂಜಿ ಹೆಚ್ಚೇ ಆಗಬೇಕು.

ಈಗ ಎರಡು ವರ್ಷಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. 1966ರಲ್ಲಿ ಅ.ನ.ಕೃ. ಅವರ ಕಾದಂಬರಿ ಆಧರಿಸಿದ 'ಸಂಧ್ಯಾರಾಗ' ಬಂತು. ಅದಕ್ಕೆ ಎಂ. ಬಾಲಮುರಳಿಕೃಷ್ಣ ಅವರೊಂದಿಗೆ ವೆಂಕಟೇಶ್ ಸಂಗೀತ ನೀಡಿದರು. ಭೀಮಸೇನ ಜೋಶಿಯವರು ಹಾಡಿದರು. ಸಂಗೀತವೇ ಕಥಾವಸ್ತುವಾದ ಚಿತ್ರ, ಒಂದು ಅಪಸ್ವರ ಬಿದ್ದರೂ ಬಲ್ಲವರು ಬಿಡುವಂತಿರಲಿಲ್ಲ. ಅದಾಗಿ ಎರಡು ವರ್ಷಕ್ಕೆ, 1968ರಲ್ಲಿ, ದೊರೈ–ಭಗವಾನ್ ನಿರ್ದೇಶನದ 'ಜೇಡರ ಬಲೆ' ಬಂತು. ರಾಜ್‌ಕುಮಾರ್ ಕೋಟು ತೊಟ್ಟು, ಪಿಸ್ತೂಲು ಹಿಡಿದು, ಸಿಐಡಿ 999 ಪ್ರಕಾಶ್ ಆದರು. ಜೇಮ್ಸ್ ಬಾಂಡ್ ಚಿತ್ರಗಳು 1962ರಿಂದ ಜಗತ್ತನ್ನು ಆವರಿಸಿದ್ದವು. ಆ ಚಿತ್ರಗಳ ಅರ್ಧ ಮೋಡಿ ಸಂಗೀತದ್ದು: ಎಲೆಕ್ಟ್ರಿಕ್ ಗಿಟಾರಿನ ಕೆಳಸ್ವರ, ಮೇಲೆ ಒಮ್ಮೆಲೇ ಎರಗುವ ಹಿತ್ತಾಳೆ ವಾದ್ಯಗಳು. ಕನ್ನಡದ ಬಾಂಡನಿಗೆ ಅಂಥದ್ದನ್ನು ಒದಗಿಸುವ ಕೆಲಸ ಭೀಮಸೇನ ಜೋಶಿಯವರ ಚಿತ್ರ ಮುಗಿಸಿ ಬಂದ ಇದೇ ಮನುಷ್ಯನಿಗೆ ಬಂತು. ಅದೇ ವರ್ಷ 'ಗೋವಾದಲ್ಲಿ ಸಿಐಡಿ 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999', ಒಂದರ ಹಿಂದೆ ಒಂದು. ಮೂರಕ್ಕೂ ವೆಂಕಟೇಶ್ ಅವರದೇ ಸಂಗೀತ.

ಆ ಕಾಲದ ಕ್ಲಬ್ ಹಾಡಿಗೆ ಒಂದು ಪಾಕವಿತ್ತು. ಬಾಂಗೊ, ಕಾಂಗೊ ತಾಳ ಹಿಡಿಯಬೇಕು. ಅಕಾರ್ಡಿಯನ್ ಅಥವಾ ಆರ್ಗನ್ ಸ್ವರಗಳ ಗೊಂಚಲು ಹಿಡಿದು ನಿಲ್ಲಬೇಕು. ನಡುನಡುವೆ ಟ್ರಂಪೆಟ್ ಕೂಗಬೇಕು. ದನಿಗೆ ತಮಿಳು, ತೆಲುಗು, ಕನ್ನಡ ಯಾವ ಭಾಷೆಯಾದರೂ ಎಲ್.ಆರ್. ಈಶ್ವರಿಯವರ ಮನೆಗೆ ಫೋನು ಹೋಗುತ್ತಿತ್ತು. ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಒಟ್ಟಿಗೇ ನುಡಿಸಬೇಕು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ. ಈಗಿನಂತೆ ತುಂಡು ತುಂಡಾಗಿ ನುಡಿಸಿ ಆಮೇಲೆ ಹೊಲಿಯುವ ಅನುಕೂಲವಿರಲಿಲ್ಲ. ಹಾಗಾಗಿ ಆ ಹಾಡುಗಳಲ್ಲಿ ಒಂದು ಬಗೆಯ ಬಿಸಿ ಇದೆ. ಕೇಳಿದರೆ ಮೂವತ್ತು ನಲವತ್ತು ಜನ ಉಸಿರು ಬಿಗಿಹಿಡಿದು ಕೂತದ್ದು ಗೊತ್ತಾಗುತ್ತದೆ.

ಮನೆಗಳಲ್ಲಿ ಇಂಥ ಹಾಡುಗಳಿಗೆ ಮರ್ಯಾದೆ ಇರಲಿಲ್ಲ. ರೇಡಿಯೋದಲ್ಲಿ ಬಂದರೆ ನಮ್ಮ ಮಾವ ಎದ್ದು ಹೋಗಿ ಸ್ಟೇಷನ್ ತಿರುಗಿಸುತ್ತಿದ್ದರು. ಆದರೆ ಊರ ಮದುವೆಯ ಮೆರವಣಿಗೆಯಲ್ಲಿ ಬ್ಯಾಂಡ್‌ಸೆಟ್ಟಿನವರು ಅದನ್ನೇ ಬಾರಿಸಿದಾಗ ಅದೇ ಮಾವನ ಕಾಲು ಚಪ್ಪಲಿಯೊಳಗೆ ತಾಳ ಹಾಕುವುದನ್ನು ನಾನು ಕಂಡಿದ್ದೇನೆ.

ಅದು ಪರಕೀಯ ತಾಳ ಎಂಬ ಮಾತಿನ ಬಗ್ಗೆ ಒಂದು ಸಣ್ಣ ತಕರಾರು ಇಲ್ಲೇ ಹೇಳಿಬಿಡುತ್ತೇನೆ. ಟ್ವಿಸ್ಟ್ ಇರಲಿ, ಆಮೇಲೆ ಬಂದ ಡಿಸ್ಕೊ ಇರಲಿ, ಅದರ ಲೆಕ್ಕ ನಾಲ್ಕು. ಡಿಸ್ಕೊದಲ್ಲಿ ಆ ನಾಲ್ಕೂ ಏಟಿಗೂ ದೊಡ್ಡ ಡ್ರಮ್ ಬೀಳುತ್ತದೆ, ನಿಮಿಷಕ್ಕೆ ಸುಮಾರು 120 ಏಟು. ಎರಡು ಏಟಿನ ನಡುವಿನ ಸಂದಿಯಲ್ಲಿ ತಾಳದ ತಟ್ಟೆ ಚಿಸ್ ಎನ್ನುತ್ತದೆ. ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು ಛಂದಸ್ಸು ಹೇಳಿಕೊಟ್ಟದ್ದು ನೆನಪಿದ್ದರೆ ನೋಡಿ. ಉತ್ಸಾಹ ರಗಳೆಗೆ ಮೂರು ಮಾತ್ರೆಯ ಗಣ, ಲಲಿತ ರಗಳೆಗೆ ಐದು, ಮಂದಾನಿಲ ರಗಳೆಗೆ ನಾಲ್ಕು. ಮಂದಾನಿಲ ರಗಳೆಯನ್ನು ಯಾವ ಡಿಸ್ಕೊ ತಾಳದ ಮೇಲೆ ಕೂರಿಸಿದರೂ ಅಲುಗಾಡದೆ ಕೂರುತ್ತದೆ. ಐದರ ಲಲಿತವನ್ನು ಕೂರಿಸಲು ಮಾತ್ರ ಎಳೆದಾಡಬೇಕು. ಕೋಲಾಟದ ಹೆಜ್ಜೆಗೂ ಬಹುಮಟ್ಟಿಗೆ ನಾಲ್ಕರದೇ ನಡೆ, ನಮ್ಮ ಊರಹಬ್ಬದ ತಮಟೆಯಲ್ಲೂ ನಾಲ್ಕರ ಏಟೇ ಹೆಚ್ಚು. ವೆಂಕಟೇಶ್ ಅವರ ಕುಣಿತದ ಹಾಡುಗಳಲ್ಲಿ ಕನ್ನಡದ ಮಾತು ಎಡವದೆ ಓಡುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಲೆಕ್ಕ. ತಾಳ ಹೊರಗಿನದಾದರೂ ನಡಿಗೆ ನಮ್ಮ ಬಾಯಿಗೆ ಮೊದಲೇ ಗೊತ್ತಿತ್ತು.

ಇನ್ನು ಅವರ ಸಂಗೀತದ ಕೋಣೆಯ ಕಥೆ. 1970ರ ಆಸುಪಾಸಿನಲ್ಲಿ ಮಧುರೆಯ ಕಡೆಯ ಪಣ್ಣೈಪುರಂ ಎಂಬ ಹಳ್ಳಿಯ ಯುವಕನೊಬ್ಬ ಇವರ ಹತ್ತಿರ ಸಹಾಯಕನಾಗಿ ಸೇರಿದ. ಗಿಟಾರ್, ಆರ್ಗನ್ ನುಡಿಸುತ್ತಿದ್ದ. ಧನರಾಜ್ ಮಾಸ್ಟರರ ಬಳಿ ಪಾಶ್ಚಾತ್ಯ ಸಂಗೀತ ಕಲಿಯುತ್ತಿದ್ದ. ಅವರೇ ಮುಂದೆ ಇಳಯರಾಜ. ಸುಮಾರು 200 ಚಿತ್ರಗಳಲ್ಲಿ ಅವರು ವೆಂಕಟೇಶ್ ಅವರ ಸಹಾಯಕರಾಗಿ ದುಡಿದರು, ಅವುಗಳಲ್ಲಿ ಹೆಚ್ಚಿನವು ಕನ್ನಡದವು. ಧ್ವನಿಮುದ್ರಣದ ನಡುವೆ ವಾದ್ಯದವರು ಬಿಡುವಾಗಿ ಕೂತಾಗ ಈ ಯುವಕ ತಾನು ಬರೆದ ಸ್ವರಲಿಪಿಯ ಹಾಳೆಗಳನ್ನು ಅವರ ಮುಂದಿಟ್ಟು, ಸ್ವಲ್ಪ ನುಡಿಸಿ ತೋರಿಸಿರೆಂದು ದುಂಬಾಲು ಬೀಳುತ್ತಿದ್ದರಂತೆ. ಎಷ್ಟೋ ಸಂಗೀತ ನಿರ್ದೇಶಕರು ಇಂಥದ್ದಕ್ಕೆ ಮುಖ ಗಂಟಿಕ್ಕುತ್ತಿದ್ದರು. ತನ್ನ ಗುಂಪು, ತನ್ನ ಹೊತ್ತು, ಅದರಲ್ಲಿ ಸಹಾಯಕನ ಪ್ರಯೋಗ! ವೆಂಕಟೇಶ್ ಅವರ ಕೋಣೆಯಲ್ಲಿ ಅದು ನಡೆಯಿತು. ಎಲ್. ವೈದ್ಯನಾಥನ್ ಕೂಡ ಇವರ ಕೈಕೆಳಗೆ ಕೆಲಸ ಮಾಡಿಯೇ ಮೇಲೆ ಬಂದವರು.

ಒಂದು ರಾಗದ ಪ್ರಯಾಣ ಹೇಳಿದರೆ ನಮ್ಮ ಸದಸ್ಯರಿಗೆ ಖುಷಿಯಾಗಬಹುದು. 1971ರ 'ಕಸ್ತೂರಿ ನಿವಾಸ'ದಲ್ಲಿ 'ನೀ ಬಂದು ನಿಂತಾಗ' ಎಂಬ ಯುಗಳ ಗೀತೆ ಇದೆಯಲ್ಲ, ಅದನ್ನು ವೆಂಕಟೇಶ್ ಎರಡು ವರ್ಷದ ಮೇಲೆ ತಮಿಳಿಗೆ ತಂದರು. 1973ರ 'ಪೊಣ್ಣುಕ್ಕು ತಂಗ ಮನಸು' ಚಿತ್ರದಲ್ಲಿ ಅದು 'ತೇನ್ ಸಿಂಧುದೇ ವಾನಂ' ಆಯಿತು. ಹೊಸೂರಿನ ಬಸ್ ನಿಲ್ದಾಣದಲ್ಲಿ ಅತ್ತಿಬೆಲೆ ಕಡೆಯ ಬಸ್ಸು ಒಂದನ್ನು ಹಾಕಿದರೆ, ಕೃಷ್ಣಗಿರಿ ಕಡೆಯ ಬಸ್ಸು ಇನ್ನೊಂದನ್ನು ಹಾಕುತ್ತಿತ್ತು. ತಮಿಳಿನದನ್ನು ನೋಡಿ ಕನ್ನಡದವರು ಕದ್ದರೆಂದು ನನ್ನ ಸಹಪಾಠಿಯೊಬ್ಬ ವಾದ ಮಾಡುತ್ತಿದ್ದ. ವರ್ಷ ಹೇಳಿ ಅವನ ಬಾಯಿ ಮುಚ್ಚಿಸಲು ನನಗೆ ಆಗ ವಿಷಯ ಗೊತ್ತಿರಲಿಲ್ಲ. ಕದ್ದವರೂ ಇಲ್ಲ, ಕಳಕೊಂಡವರೂ ಇಲ್ಲ. ಒಬ್ಬರೇ ಮನುಷ್ಯ ತನ್ನ ಒಂದು ಜೇಬಿನದನ್ನು ಇನ್ನೊಂದು ಜೇಬಿಗೆ ಹಾಕಿಕೊಂಡದ್ದು. ತೆಲುಗಿನಲ್ಲೂ ಅವರು 'ಜಮೀಂದಾರುಗಾರಿ ಅಮ್ಮಾಯಿ' (1975), 'ಅಮೆರಿಕಾ ಅಮ್ಮಾಯಿ' (1976) ಚಿತ್ರಗಳಿಗೆ ಕೊಟ್ಟ ರಾಗಗಳನ್ನು ಆ ಕಡೆಯವರು ಇನ್ನೂ ಮರೆತಿಲ್ಲ.

ಈಗ ರಾಜ್‌ಕುಮಾರ್ ಕಂಠದ ಕಥೆಗೆ ಬರೋಣ. 1974ರ 'ಸಂಪತ್ತಿಗೆ ಸವಾಲ್' ಚಿತ್ರಕ್ಕೆ ಎಮ್ಮೆ ಮೇಯಿಸುವ ಹಾಡೊಂದು ಬೇಕಿತ್ತು. ಪಿ.ಬಿ. ಶ್ರೀನಿವಾಸ್ ಅವರಿಗೆ ಆ ದಿನಗಳಲ್ಲಿ ಆರೋಗ್ಯ ಸರಿಯಿರಲಿಲ್ಲ. ಚಿತ್ರದ ಸಂಗೀತ ವೆಂಕಟೇಶ್ ಅವರದು. ಸ್ವತಃ ರಾಜ್‌ಕುಮಾರ್ ಹಾಡಿದರು. 'ಯಾರೇ ಕೂಗಾಡಲಿ' ಊರೂರಿನಲ್ಲಿ ಮೊಳಗಿತು. ಅಲ್ಲಿಂದ ಮುಂದೆ ಅವರು ಬಹುಮಟ್ಟಿಗೆ ತಮ್ಮ ಹಾಡು ತಾವೇ ಹಾಡಿದರು. ಕನ್ನಡ ಚಿತ್ರಗೀತೆಯ ದಿಕ್ಕೇ ತಿರುಗಿತೆಂದರೆ ಹೆಚ್ಚು ಹೇಳಿದಂತಾಗದು. ಆ ಹಾಡು ಕೇಳಿ ನೋಡಿ, ಅದರ ಹಿಂದೆಯೂ ಕುದುರೆಯೋಟದಂತೆ ಓಡುವ ಪಾಶ್ಚಾತ್ಯ ಲಯವಿದೆ. ಎಮ್ಮೆಯ ಬೆನ್ನ ಮೇಲೆ ಕೂತ ಹಳ್ಳಿಗನಿಗೆ ಅದು ಒಪ್ಪಿಬಿಟ್ಟಿತು. ಆಗ ಯಾವ ಹಿರಿಯರೂ ಎದ್ದು ನಿಲ್ಲಿಸಲಿಲ್ಲ.

ಮತ್ತೆ ಎರಡು ವರ್ಷಗಳನ್ನು ಜೋಡಿಸಿ. 1977ರಲ್ಲಿ 'ಸನಾದಿ ಅಪ್ಪಣ್ಣ' ಬಂತು. ಶಹನಾಯಿ ನುಡಿಸುವವನ ಕಥೆ. ಚಿತ್ರಕ್ಕೆ ಶಹನಾಯಿ ನುಡಿಸಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ಸಂಗೀತ ವೆಂಕಟೇಶ್. ಎಸ್. ಜಾನಕಿಯವರ 'ಕರೆದರೂ ಕೇಳದೆ' ಹಾಡಿನಲ್ಲಿ ದನಿ ಎಲ್ಲಿ ನಿಂತಿತು, ಶಹನಾಯಿ ಎಲ್ಲಿ ಹತ್ತಿಕೊಂಡಿತು ಎಂದು ಗೆರೆ ಎಳೆಯಲು ಆಗುವುದಿಲ್ಲ. ಅದರ ಮರುವರ್ಷ, 1978ರಲ್ಲಿ, ಸಿಐಡಿ 999 ಸರಣಿಯ ಕೊನೆಯ ಚಿತ್ರ 'ಆಪರೇಷನ್ ಡೈಮಂಡ್ ರಾಕೆಟ್'. ಅದೇ ನಟ, ಅದೇ ಸಂಗೀತ ನಿರ್ದೇಶಕ, ಈ ಸಲ ಇಂಗ್ಲಿಷಿನಲ್ಲಿ ಒಂದು ಕುಣಿತದ ಹಾಡು.

ಆಗ ಹೊರಗಿನ ಪ್ರಪಂಚದಲ್ಲಿ ಏನಾಗುತ್ತಿತ್ತು ಎಂದು ಒಂದಿಷ್ಟು ಹೇಳಬೇಕು. ಅಮೆರಿಕದ ದೊಡ್ಡ ಊರುಗಳ ನೃತ್ಯಗೃಹಗಳಲ್ಲಿ ಕರಿಯರು, ಲ್ಯಾಟಿನ್ ಮೂಲದವರು ಕುಣಿಯುತ್ತಿದ್ದ ಡಿಸ್ಕೊ, 1977ರ ಡಿಸೆಂಬರಿನಲ್ಲಿ ಬಂದ 'ಸ್ಯಾಟರ್ಡೇ ನೈಟ್ ಫೀವರ್' ಚಿತ್ರದಿಂದ, ಬೀ ಜೀಸ್ ಸಹೋದರರ ಹಾಡುಗಳಿಂದ ಜಗತ್ತಿನ ಮೂಲೆಮೂಲೆಗೆ ಹರಡಿತು. ಜರ್ಮನಿಯಿಂದ ಬೋನಿ ಎಂ, ಸ್ವೀಡನ್ನಿನಿಂದ ಅಬ್ಬಾ. ನಮ್ಮವರೇ ಒಬ್ಬರು ಇದರ ನಡುವಿನಲ್ಲಿದ್ದರು ಎಂಬುದನ್ನೂ ಹೇಳದೆ ಹೋದರೆ ತಪ್ಪಾದೀತು. ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು, ಬಿದ್ದು ಅಪ್ಪಯ್ಯ. ಬೆಂಗಳೂರಿನಲ್ಲಿ ಗಿಟಾರ್ ಹಿಡಿದು ಹಾಡುತ್ತಿದ್ದವರು 1960ರ ದಶಕದಲ್ಲಿ ಲಂಡನ್ನಿಗೆ ಹೋದರು. 1974ರಲ್ಲಿ ಅವರು ನಿರ್ಮಿಸಿದ 'ಕುಂಗ್ ಫೂ ಫೈಟಿಂಗ್' ಇಂಗ್ಲೆಂಡ್, ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೇರಿತು. ಹಿಂದಿಯ 'ಕುರ್ಬಾನಿ'ಯಲ್ಲಿ (1980) ನಾಜಿಯಾ ಹಸನ್ ಎಂಬ ಹುಡುಗಿಯಿಂದ ಹಾಡಿಸಿ ಭಾರತಕ್ಕೆ ಡಿಸ್ಕೊ ಜ್ವರ ಹತ್ತಿಸಿದವರೂ ಇವರೇ. ಮಿಥುನ್ ಚಕ್ರವರ್ತಿಯ 'ಡಿಸ್ಕೊ ಡಾನ್ಸರ್' ಬಂದದ್ದು ಅದಾದ ಮೇಲೆ, 1982ರಲ್ಲಿ.

ಅಂದರೆ ವೆಂಕಟೇಶ್ ಅವರ ಇಂಗ್ಲಿಷ್ ಹಾಡು 'ಕುರ್ಬಾನಿ'ಗಿಂತ ಎರಡು ವರ್ಷ ಮುಂಚಿನದು. ಅದನ್ನು ಶುದ್ಧ ಡಿಸ್ಕೊ ಎಂದು ನಾನು ವಾದಿಸಲಾರೆ. ಅದರಲ್ಲಿ ಟ್ವಿಸ್ಟಿನ ಮೂಳೆ ಇದೆ, ಕ್ಲಬ್ ಹಾಡಿನ ಮಾಂಸ ಇದೆ, ಮೇಲೆ ಹೊಸ ಕಾಲದ ಅಂಗಿ ಇದೆ. ಆದರೆ ಅದರ ಜಾಣತನ ಬೇರೆ ಕಡೆ ಇದೆ. ರಾಜ್‌ಕುಮಾರ್ ಹೆಚ್ಚು ಶಾಲೆ ಕಲಿತವರಲ್ಲ, ಇಂಗ್ಲಿಷ್ ಅವರ ನಾಲಗೆಯ ಭಾಷೆಯಲ್ಲ. ಆ ಹಾಡಿನ ಸಾಲುಗಳು ಗಿಡ್ಡ. ಮಾತು ಮತ್ತೆ ಮತ್ತೆ ಬರುತ್ತದೆ. ಹುಡುಗಿ ಬರಬೇಕಾದ ಹೊತ್ತಿನ ಬಗ್ಗೆ ಒಂದು ತುಂಟ ಲೆಕ್ಕಾಚಾರ, ಅಷ್ಟೇ. ಪ್ರತಿ ಪದಕ್ಕೂ ಒಂದು ಏಟು ಕಟ್ಟಿಕೊಟ್ಟಿದ್ದಾರೆ, ಕನ್ನಡದ ನಾಲಗೆ ಎಲ್ಲೂ ಜಾರುವುದಿಲ್ಲ. ಗಾಯಕನ ನಾಲಗೆ ಅಳೆದು ಅಂಗಿ ಹೊಲಿದಂತೆ. 1956ರಿಂದ ಆ ಕಂಠವನ್ನು ಬಲ್ಲವರಿಗೆ ಮಾತ್ರ ಆಗುವ ಕೆಲಸ ಇದು. ಕನ್ನಡದ ಒಬ್ಬ ನಟ ಇಂಗ್ಲಿಷನ್ನು ಕನ್ನಡದ ಹಾಗೆಯೇ ಬಾಯಿ ತುಂಬ ಉಚ್ಚರಿಸಿ, ಯಾರ ಅನುಕರಣೆಗೂ ಹೋಗದೆ ಹಾಡಿದ್ದಾರೆ. ಅದನ್ನು ಕೇಳಿ ಕನ್ನಡಕ್ಕೆ ಅವಮಾನವಾಯಿತೆಂದು ಅನ್ನಿಸುವುದು ನನ್ನ ಮಟ್ಟಿಗೆ ಕಷ್ಟ. 45 ವರ್ಷ ದಾಟಿದ ಮೇಲೂ ಮೊಬೈಲಿನಲ್ಲಿ, ಕನ್ನಡ ಒಂದಕ್ಷರ ಬಾರದ ಹುಡುಗರು ಕೂಡ, ಅದಕ್ಕೆ ಕುಣಿದು ವಿಡಿಯೋ ಹಾಕುತ್ತಿದ್ದಾರೆ.

ಡಿಸ್ಕೊ ಕನ್ನಡದಲ್ಲಿ ನಿಜವಾಗಿ ಅರಳಿದ್ದು ಅವರ ಕೋಣೆಯಿಂದ ಹೊರಟವರ ಕೈಯಲ್ಲಿ. ಇಳಯರಾಜ 1976ರ 'ಅನ್ನಕ್ಕಿಳಿ'ಯಿಂದ ತಮಿಳಿನಲ್ಲಿ ಸ್ವತಂತ್ರರಾದರು. 1981ರಲ್ಲಿ ಶಂಕರ್‌ನಾಗ್ ತಾವೇ ನಟಿಸಿ ನಿರ್ದೇಶಿಸಿದ 'ಗೀತಾ' ಚಿತ್ರಕ್ಕೆ ಅವರು ಕೊಟ್ಟ ಹಾಡುಗಳು ಇವತ್ತಿಗೂ ನಮ್ಮ ಕಡೆಯ ಆರ್ಕೆಸ್ಟ್ರಾದವರ ಅನ್ನ. 'ಸಂತೋಷಕ್ಕೆ' ಹಾಡಿನ ಗಿಟಾರ್, ಡ್ರಮ್, ಪಿಟೀಲುಗಳ ಹೆಣಿಗೆ ಕೇಳಿದಾಗ ಅದರ ಹಿಂದೆ ಹಲವು ವರ್ಷಗಳ ಕನ್ನಡ ಚಿತ್ರಗಳ ಸಹಾಯಕಗಿರಿ ಇದೆ ಎಂದು ನೆನೆಯಿರಿ. ಕನ್ನಡದ ನುಡಿ ತಾಳದ ಮೇಲೆ ಎಲ್ಲಿ ಭಾರ ಬೀಳುತ್ತದೆ ಎಂಬುದನ್ನು ಅವರು ಪುಸ್ತಕದಿಂದ ಕಲಿಯಲಿಲ್ಲ.

ಗುರುವಿನ ಪಾಲಿಗೆ ಕಾಲ ಅಷ್ಟು ಉದಾರವಾಗಿರಲಿಲ್ಲ. 1980ರ ದಶಕದಲ್ಲಿ ಅವರಿಗೆ ಚಿತ್ರಗಳು ಕಡಿಮೆಯಾಗುತ್ತ ಬಂದವು. 1982ರ 'ಹಾಲು ಜೇನು' ಅವರ ಕೈಯ ಸಿಹಿ ಇನ್ನೂ ಬತ್ತಿಲ್ಲವೆಂದು ತೋರಿಸಿತು. ಆದರೆ ರಾಜನ್–ನಾಗೇಂದ್ರ, ಎಂ. ರಂಗರಾವ್, ಉಪೇಂದ್ರಕುಮಾರ್ ಮುಂತಾದವರ ಬಳಿಗೆ ಹೆಚ್ಚು ಚಿತ್ರಗಳು ಹೋಗುತ್ತಿದ್ದವು. 1987ರಲ್ಲಿ ಹಂಸಲೇಖ ಅವರ 'ಪ್ರೇಮಲೋಕ' ಬಂದಮೇಲೆ ಕೇಳುವವರ ಕಿವಿಯೇ ಬದಲಾಯಿತು. ಶಂಕರ್‌ನಾಗ್ ಬೆಂಗಳೂರಿನಲ್ಲೇ ಸಂಕೇತ್ ಎಂಬ ಧ್ವನಿಮುದ್ರಣ ಸ್ಟುಡಿಯೋ ಕಟ್ಟಿದರು. ಕನ್ನಡ ಹಾಡಿಗೆ ಮದರಾಸಿನ ರೈಲು ಹತ್ತುವ ಅಗತ್ಯ ನಿಧಾನವಾಗಿ ಕಡಿಮೆಯಾಯಿತು. ಕೀಬೋರ್ಡು ಬಂತು, ತಾಳಕ್ಕೆ ಯಂತ್ರ ಬಂತು. 40 ಜನ ಉಸಿರು ಹಿಡಿದು ಕೂರುವ ಕೋಣೆ ಬೇಡವಾಯಿತು. ಆ ಕೋಣೆ ಬೇಡವಾದಾಗ ಅದನ್ನು ನಡೆಸಬಲ್ಲವರೂ ಬೇಡವಾಗುವುದು ಸಹಜವೇ ಇರಬಹುದು, ಆದರೂ ಬೇಜಾರಿನ ಸಂಗತಿ.

ಜಿ.ಕೆ. ವೆಂಕಟೇಶ್ ತೀರಿಕೊಂಡದ್ದು 1993ರ ನವೆಂಬರಿನಲ್ಲಿ. 66 ವರ್ಷ. ರಾಜ್ಯೋತ್ಸವದ ತಿಂಗಳು. ಆ ವರ್ಷವೂ ಊರೂರಿನ ಬಾವುಟದ ಕೆಳಗೆ ಅವರ ಹಾಡು ಮೊಳಗಿಯೇ ಇರುತ್ತದೆ.

ಅವರಿಗಿಂತ ದೊಡ್ಡ ಸಂಗೀತಗಾರರು ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ರಾಜನ್–ನಾಗೇಂದ್ರರ ಇಂಪು ನನಗೆ ಹೆಚ್ಚು ಹತ್ತಿರ, ಮುಚ್ಚಿಡುವುದೇಕೆ. ವಿಜಯಭಾಸ್ಕರ್ ಅವರು ಕವಿಗಳ ಮಾತನ್ನು ಮುಟ್ಟುವ ನಾಜೂಕು ಬೇರೆ. ಬಾಂಡ್ ಚಿತ್ರಗಳ ಕೆಲವು ಹಾಡುಗಳನ್ನು ಈಗ ಕೇಳಿದರೆ ಆ ಹೊತ್ತಿನ ಅವಸರ ಕಾಣಿಸುತ್ತದೆ. ಆದರೆ ಭೀಮಸೇನ ಜೋಶಿ, ಬಿಸ್ಮಿಲ್ಲಾ ಖಾನ್ ಒಂದು ಕಡೆ, ಟ್ವಿಸ್ಟಿನ ಡ್ರಮ್ಮು ಇನ್ನೊಂದು ಕಡೆ ಇಟ್ಟುಕೊಂಡು, ಎರಡಕ್ಕೂ ಒಂದೇ ಶ್ರದ್ಧೆಯಿಂದ ಕೂತವರು ಕಡಿಮೆ. ಯಾವುದು ಮೇಲು, ಯಾವುದು ಕೀಳು ಎಂಬ ಪಂಕ್ತಿಭೇದ ಅವರು ಮಾಡಿದಂತೆ ಕಾಣುವುದಿಲ್ಲ. ಅದನ್ನು ಮಾಡಿದವರು ನಾವು, ಕಳೆದ ವರ್ಷ, ಮೈಕಿನ ಹತ್ತಿರ ನಿಂತು.

ಮೊನ್ನೆ ಆ ಹಿರಿಯರ ಮನೆಗೆ ಹೋಗಿದ್ದೆ. ದನದ ಫಾರಂ ರಸ್ತೆಯಲ್ಲಿ ಒಟ್ಟಿಗೆ ನಡೆಯುತ್ತ ಈ ವಿಷಯವೆಲ್ಲ ಹೇಳಿದೆ. ಎರಡೂ ಹಾಡು ಒಬ್ಬರವೇ ಎಂಬುದನ್ನು ಅವರು ಮೊದಲು ನಂಬಲಿಲ್ಲ. ಮೊಬೈಲಿನಲ್ಲಿ ಎರಡನ್ನೂ ಹಾಕಿ ಕೇಳಿಸಿದೆ. ಇಂಗ್ಲಿಷ್ ಹಾಡು ಅವರಿಗೆ ಈಗಲೂ ಹಿಡಿಸಲಿಲ್ಲ, ಅದನ್ನು ಮುಚ್ಚುಮರೆ ಇಲ್ಲದೆ ಹೇಳಿದರು. ಆದರೆ ಈ ಸಲ ಮೈಕ್ ಮುಟ್ಟುವುದಿಲ್ಲ ಎಂದೂ ಹೇಳಿದರು. 'ಕಸ್ತೂರಿ ನಿವಾಸ'ದ ಹಾಡು ಸೇರಿಸುವುದಾದರೆ ತಾವೇ ಹಾಡುತ್ತೇವೆ ಎಂದು ಒಂದು ಷರತ್ತು ಹಾಕಿದ್ದಾರೆ. ಒಪ್ಪಿಕೊಂಡು ಬಂದಿದ್ದೇನೆ.

ಆದ್ದರಿಂದ ಈ ನವೆಂಬರಿನ ನಮ್ಮ ಸಂಜೆಯಲ್ಲಿ ಮುಕ್ಕಾಲು ಗಂಟೆ ಜಿ.ಕೆ. ವೆಂಕಟೇಶ್ ಅವರ ಹಾಡುಗಳಿಗೆ ಮೀಸಲು. ಪ್ರತಿ ಹಾಡಿಗೂ ಮುಂಚೆ ಚಿತ್ರ, ವರ್ಷ, ಹಾಡಿದವರು, ಸಂಗೀತ ಯಾರದು ಎಂದು ಹೇಳುವ ಪದ್ಧತಿ ಇಟ್ಟುಕೊಳ್ಳೋಣ. ಹೊಸೂರು, ಬಾಗಲೂರು, ತಳಿ, ಡೆಂಕಣಿಕೋಟೆ, ಕೃಷ್ಣಗಿರಿಯ ಸದಸ್ಯರು ಹಾಡಲು ಅಥವಾ ಕುಣಿಯಲು ಹೆಸರು ಕೊಡುವುದಿದ್ದರೆ ತಮ್ಮ ಊರಿನ ಸಂಚಾಲಕರ ಬಳಿ ಕೊಡಬಹುದು. ಹಳೆಯ ಧ್ವನಿಮುದ್ರಿಕೆಗಳು, ಆ ಕಾಲದ ಹಾಡಿನ ಪುಸ್ತಕಗಳು ಮನೆಯಲ್ಲಿದ್ದವರು ತಂದು ತೋರಿಸಿದರೆ ಬಹಳ ಸಂತೋಷ, ಜೋಪಾನವಾಗಿ ಹಿಂತಿರುಗಿಸುತ್ತೇವೆ. ಕಳೆದ ಸಲದ ನಾಲ್ಕು ಹುಡುಗರ ಮನೆಗೆ ನಾನೇ ಹೋಗುತ್ತಿದ್ದೇನೆ, ಕಪ್ಪು ಕನ್ನಡಕ ಮರೆಯದೆ ತರಲು ಹೇಳಬೇಕು.